ಅಡುಗೆ ಹಮ್ಮಣ್ಣ ಹಡಗು ಬಿಡಿಸಿ ತಂದದ್ದು

ಬನ್ನಿ ಮಕ್ಕಳೇ, ಇನ್ನೂ ಸ್ವಲ್ಪ ಮುಂದೆ ಬನ್ನಿ. ಹಿಂದೆ ಕೂತವರಿಗೂ ಕೇಳಬೇಕಲ್ಲ.

ಪಡುವಣ ಕಡಲಿಗೆ ಮುಖ ಮಾಡಿ ಕೂತ ಒಂದು ರಾಜ್ಯವಿತ್ತು. ಅದರ ಹೆಸರು ಬೆಳ್ಳಕೋಡಿ. ಬೆನ್ನಿಗೆ ಬೆಟ್ಟ, ಎದುರಿಗೆ ನೀರು, ನಡುವೆ ಒಂದು ಬಂದರು. ಬೆಟ್ಟದಿಂದ ಮೆಣಸು ಇಳಿದು ಬರುತ್ತಿತ್ತು. ಗದ್ದೆಯಿಂದ ಅಕ್ಕಿ ಬರುತ್ತಿತ್ತು. ಮಗ್ಗದಿಂದ ಬಟ್ಟೆ ಬರುತ್ತಿತ್ತು. ಮೂರೂ ಹಡಗು ಹತ್ತಿ ದೂರದ ಅರಬರ ನಾಡಿಗೆ ಹೋಗುತ್ತಿದ್ದವು. ಆಗ ಹಡಗಿಗೆ ಯಂತ್ರವಿಲ್ಲ, ಹೊಗೆಯಿಲ್ಲ. ಗಾಳಿ ಬಂದರೆ ಹಡಗು ಹೋಯಿತು, ಗಾಳಿ ನಿಂತರೆ ಹಡಗು ನಿಂತಿತು. ಅಷ್ಟೇ.

ಆ ಬಂದರಿನಲ್ಲಿ ಅಕ್ಕಣಿ ಶೆಟ್ಟಿತಿ ಅಂತ ಒಬ್ಬಳು ವ್ಯಾಪಾರದ ಹೆಂಗಸಿದ್ದಳು. ಗಂಡ ಸತ್ತ ಮೇಲೆ ಅವನ ಹಡಗನ್ನು ತಾನೇ ನಡೆಸುತ್ತಿದ್ದಳು. ಇದ್ದದ್ದು ಒಂದೇ ಹಡಗು. ಅದಕ್ಕೆ 'ಸಂಪಿಗೆ' ಅಂತ ಹೆಸರು. ಆ ಹಡಗಿನಲ್ಲಿ ಅಡುಗೆ ಮಾಡುವವನೇ ನಮ್ಮ ಹಮ್ಮಣ್ಣ.

ಹಮ್ಮಣ್ಣ ಮೊದಲಿನಿಂದ ಅಡುಗೆಯವನಲ್ಲ. ಬೇರೊಬ್ಬರ ಹಡಗಿನಲ್ಲಿ ಹಾಯಿ ಕಟ್ಟುವ ಖಲಾಸಿಯಾಗಿದ್ದ. ಒಂದು ಮಳೆಗಾಲದ ಬಾಯಲ್ಲಿ ಆ ಹಡಗು ಬಂಡೆಗೆ ಬಡಿದು ಚೂರಾಯಿತು. ಇಪ್ಪತ್ತು ಜನರಲ್ಲಿ ಬದುಕಿದವನು ಅವನೊಬ್ಬನೇ. ಎಡಗಾಲು ಮುರಿದಿತ್ತು. ಒಂದು ಹಲಗೆ ಹಿಡಿದು ತೇಲುತ್ತಾ, ಜನವಿಲ್ಲದ ಒಂದು ನಡುಗಡ್ಡೆ ಸೇರಿದ. ಅಲ್ಲಿ ಬಂಡೆಯ ಸಂದಿನಿಂದ ಹೆಬ್ಬೆರಳು ಗಾತ್ರ ಸಿಹಿನೀರು ಇಳಿಯುತ್ತಿತ್ತು. ಹನ್ನೊಂದು ದಿನ ಆ ನೀರು ಕುಡಿದೇ ಜೀವ ಹಿಡಿದುಕೊಂಡ. ಆಮೇಲೆ ಮೀನಿನ ದೋಣಿಯವರು ಕಂಡು ಕರೆತಂದರು.

ಊರಿಗೇನೋ ಬಂದ. ಆದರೆ ಕೆಲಸ ಕೊಡುವವರು ಯಾರು?

ಮೊದಲನೇ ಹಡಗಿನವನು ಹೇಳಿದ, "ಒಡೆದ ಹಡಗಿನಿಂದ ಬಂದವನು ನೀನು. ಅಪಶಕುನ. ಹತ್ತಬೇಡ." ಎರಡನೇ ಹಡಗಿನವನು ಹೇಳಿದ, "ಕುಂಟ ನೀನು. ನಿನ್ನಿಂದ ಎಂತ ಆಗ್ತದೆ? ಹತ್ತಬೇಡ." ಮೂರನೇ ಹಡಗಿನವನು ಏಣಿಯನ್ನೇ ಮೇಲೆ ಎಳೆದುಕೊಂಡ.

ಹಮ್ಮಣ್ಣ ಬಂದರಿನ ಕಟ್ಟೆಯ ಮೇಲೆ ಕೂತುಬಿಟ್ಟ. ಅಲ್ಲಿಗೆ ಅಕ್ಕಣಿ ಶೆಟ್ಟಿತಿ ಬಂದಳು.

"ಹತ್ತೊಂಬತ್ತು ಜನರನ್ನು ನುಂಗಿದ ಕಡಲು ನಿನ್ನೊಬ್ಬನನ್ನು ಉಳಿಸಿ ಕಳಿಸಿದೆಯಂತೆ. ಹೌದೇನಪ್ಪ?"

"ಹೌದಮ್ಮ. ಅದಕ್ಕೇ ನಾನು ಅಪಶಕುನವಂತೆ."

"ಕಡಲು ಬೇಕು ಅಂತ ಉಳಿಸಿದವನನ್ನು ಬೇಡ ಅನ್ನೋಕೆ ನಾನು ಯಾರು? ಕಾಲು ಹೋದರೇನು, ಕೈ ಇದೆಯಲ್ಲ. ಸೌಟು ಹಿಡಿಯೋಕೆ ಬರ್ತದಾ?"

"ಕಲೀತೇನಮ್ಮ."

"ಹಾಗಾದರೆ ನಾಳೆ ಬಾ."

ಅಷ್ಟೇ ಮಾತು. ಆದರೆ ಆ ಮಾತನ್ನು ಹಮ್ಮಣ್ಣ ಹದಿನಾಲ್ಕು ವರ್ಷ ಮರೆಯಲಿಲ್ಲ. ದಿನಾ ಬೆಳಗ್ಗೆ ಒಲೆ ಹಚ್ಚುವಾಗ ಮೂರು ಸಲ ಕೈಮುಗಿಯುತ್ತಿದ್ದ. ಒಂದು ಸಲ ತನ್ನನ್ನು ಉಳಿಸಿದ ಕಡಲಿಗೆ. ಒಂದು ಸಲ ನಡುಗಡ್ಡೆಯ ನೀರಿಗೆ. ಒಂದು ಸಲ ಅಕ್ಕಣಿಯಮ್ಮನಿಗೆ. ಖಲಾಸಿಗಳು ನಗುತ್ತಿದ್ದರು. ನಕ್ಕರೆ ನಗಲಿ, ಅವನಿಗೇನು?

ಇನ್ನು ಆ ರಾಜ್ಯದ ಒಂದು ಕಾನೂನು ಹೇಳುತ್ತೇನೆ, ಸರಿಯಾಗಿ ಕೇಳಿಸಿಕೊಳ್ಳಿ. ಕಡಲಿನಲ್ಲಿ ಕಳ್ಳರ ಕಾಟ ಬಹಳ. ಕಳ್ಳರ ಕೈಗೆ ಬಿದ್ದ ಹಡಗನ್ನು ಯಾರಾದರೂ ಹೋರಾಡಿ ಬಿಡಿಸಿ ತಂದರೆ, ಅದು ಯಾರಿಗೆ ಸೇರಬೇಕು? ಹಳೆಯ ಕಾಲದ ಒಬ್ಬ ರಾಜ ಹೀಗೆ ಕಟ್ಟಳೆ ಮಾಡಿದ್ದ: ಹಡಗು ಹಿಡಿಯಲ್ಪಟ್ಟ ಮೇಲೆ ಮೂರನೆಯ ಸೂರ್ಯ ಹುಟ್ಟುವ ಮೊದಲು ಬಿಡಿಸಿದರೆ ಅದು ಮೂಲ ಒಡೆಯನಿಗೇ ವಾಪಸು. ಮೂರನೆಯ ಸೂರ್ಯ ಹುಟ್ಟಿತೋ, ಒಡೆಯನ ಹಕ್ಕು ಮುಳುಗಿತು. ಆಮೇಲೆ ಯಾರು ಬಿಡಿಸುತ್ತಾರೋ ಹಡಗು ಅವರದೇ. ಕಾವಲಿನವರು ಎದೆಗುಂದದೆ ಎಷ್ಟು ದೂರವಾದರೂ ಬೆನ್ನಟ್ಟಲಿ ಅಂತ ಮಾಡಿದ ಕಟ್ಟಳೆ ಅದು. ಮಾಡಿದವನ ಮನಸ್ಸು ಒಳ್ಳೆಯದೇ ಇತ್ತು.

ಆದರೆ ಈಗಿನ ಕಾವಲು ಹಡಗಿನ ನಾಯಕ ಬೈರೋಜಿಯ ಮನಸ್ಸು ಒಳ್ಳೆಯದಿರಲಿಲ್ಲ. ವ್ಯಾಪಾರದ ಹಡಗುಗಳ ಹಿಂದೆ ಹೋಗಿ ಕಾಯುವುದೇ ಅವನ ಕೆಲಸ. ಹೋದ ವರ್ಷ ಅಕ್ಕಿಯ ಹಡಗು ಕಳ್ಳರ ಪಾಲಾಯಿತು. ಬೈರೋಜಿ ಅದನ್ನು ನಾಲ್ಕನೇ ದಿನ ಬಿಡಿಸಿ ತಂದ. ಆಮೇಲೆ ಬಟ್ಟೆಯ ಹಡಗು. ಅದನ್ನೂ ನಾಲ್ಕನೇ ದಿನ ತಂದ. ಆಮೇಲೆ ಕುದುರೆಯ ಹಡಗು. ಅದೂ ನಾಲ್ಕನೇ ದಿನವೇ. ಮೂರು ಹಡಗೂ ಅವನದಾದವು. ಆದರೂ ಊರವರು ಪ್ರತಿ ಸಲ ಹಾರ ಹಾಕಿದರು. "ಹಡಗು ಹೋದರೆ ಹೋಗಲಿ, ನಮ್ಮವರ ಜೀವ ಉಳಿಸಿ ತಂದನಲ್ಲ" ಅಂತ ಕಣ್ಣೊರೆಸಿಕೊಂಡರು. ಹಾರ ಹಾಕಿದವರಲ್ಲಿ ನಮ್ಮ ಹಮ್ಮಣ್ಣನೂ ಒಬ್ಬ.

ಆ ವರ್ಷ 'ಸಂಪಿಗೆ' ಹೊರಟಿತು. ಒಳಗೆ ಅಕ್ಕಿ, ಮೆಣಸು, ಬಟ್ಟೆ. ಅಕ್ಕಣಿಯದಷ್ಟೇ ಅಲ್ಲ, ಇಡೀ ಕೇರಿಯದು. ಯಾರದೋ ಮಗಳ ಮದುವೆ ಆ ಮೆಣಸಿನಲ್ಲಿತ್ತು. ಯಾರದೋ ಮನೆಗೆ ಹೊದಿಸಬೇಕಾದ ಮಾಡು ಆ ಬಟ್ಟೆಯಲ್ಲಿತ್ತು. ಹಡಗಿನಲ್ಲಿ ಹದಿನೇಳು ಜನ. ಹಡಗು ನಡೆಸುವವನು ತಾಂಡೇಲ ಇಬ್ರಾಯಿ, ಗಟ್ಟಿ ಮನುಷ್ಯ. ಹಿಂದಿನಿಂದ ಬೈರೋಜಿಯ ಕಾವಲು ಹಡಗು.

ಒಂದು ದಿನ ಹಿಂದೆಯೇ ಇತ್ತು. ಎರಡನೇ ದಿನ ಸಣ್ಣದಾಗಿ ಕಂಡಿತು. ಮೂರನೇ ದಿನ ಕಾಣಲೇ ಇಲ್ಲ.

ಅದರ ಮರುದಿನ, ಸೂರ್ಯ ಹುಟ್ಟಿ ಒಂದು ಮಾರು ಮೇಲೆ ಬಂದಿತ್ತು. ಕಳ್ಳರು ಬಂದೇಬಿಟ್ಟರು. ಮೂರು ಕಡೆಯಿಂದ ಮೂರು ಹಡಗು. ಒಂದು ತೋಪು ಹಾರಿತು. ಗುಂಡು ಬಂದು ನೀರಿನ ಪೀಪಾಯಿಗಳ ಸಾಲಿಗೇ ಬಡಿಯಿತು. ಐದರಲ್ಲಿ ಮೂರು ಒಡೆದು ಸಿಹಿನೀರೆಲ್ಲ ಹರಿದುಹೋಯಿತು. ಇಬ್ರಾಯಿ ಕತ್ತಿ ಎತ್ತಿದ. ಆದರೆ ಹದಿನೇಳು ಜನ ನೂರು ಜನರ ಎದುರು ಎಂತ ಮಾಡಿಯಾರು? ಕೈ ಮೇಲೆತ್ತಬೇಕಾಯಿತು.

ಕಳ್ಳರ ದೊರೆ ಹನ್ನೊಂದು ಜನ ಖಲಾಸಿಗಳನ್ನು ಒಂದು ದೋಣಿಗೆ ತುಂಬಿ, "ಹೋಗಿ, ಊರಿಗೆ ಹೋಗಿ ಅಳಿ" ಅಂತ ತಳ್ಳಿಬಿಟ್ಟ. ಹಗ್ಗ ಎಳೆಯಲು ನಾಲ್ಕು ಖಲಾಸಿಗಳನ್ನೂ ಚುಕ್ಕಾಣಿ ಹಿಡಿಯಲು ಇಬ್ರಾಯಿಯನ್ನೂ ಇಟ್ಟುಕೊಂಡ. ಅಡುಗೆಗೆ ಹಮ್ಮಣ್ಣನನ್ನು ಇಟ್ಟುಕೊಂಡ. ಹಡಗನ್ನು ತಮ್ಮ ಅಡಗುತಾಣಕ್ಕೆ ಒಯ್ಯಲು ಹನ್ನೆರಡು ಕಳ್ಳರನ್ನು ಹತ್ತಿಸಿದ. ಅವರಿಗೆ ಯಜಮಾನ ಕೆಂಚಮೀಸೆ. ಮೀಸೆ ಕೆಂಚಗಿತ್ತು, ಅದಕ್ಕೇ ಆ ಹೆಸರು. ಇಷ್ಟು ಮಾಡಿ ದೊರೆ ಬೇರೆ ಬೇಟೆಗೆ ಹೋದ.

ಕೆಂಚಮೀಸೆ ಇಬ್ರಾಯಿಯ ಕಾಲುಗಳನ್ನು ಚುಕ್ಕಾಣಿಯ ಪಕ್ಕ ಕಟ್ಟಿಹಾಕಿದ. ಖಲಾಸಿಗಳನ್ನು ಕೆಳಗಿನ ಕೋಣೆಯಲ್ಲಿ ಕಟ್ಟಿದ. ಬೇಕಾದಾಗ ಬಿಚ್ಚಿ ದುಡಿಸುವುದು, ಮತ್ತೆ ಕಟ್ಟುವುದು. ಹಮ್ಮಣ್ಣನನ್ನು ಮಾತ್ರ ಕಟ್ಟಲಿಲ್ಲ. "ಈ ಕುಂಟ ಎಲ್ಲಿಗೆ ಓಡ್ತಾನೆ?" ಅಂತ ನಕ್ಕ. ಉಳಿದ ಎರಡು ಪೀಪಾಯಿ ನೀರಿಗೆ ಒಬ್ಬ ಕಾವಲು ನಿಲ್ಲಿಸಿದ. "ನಮ್ಮ ಜಾಗಕ್ಕೆ ನಾಲ್ಕು ದಿನದ ದಾರಿ. ಅಳತೆ ಮಾಡಿ ಕುಡಿದರೆ ಸಾಕಾಗ್ತದೆ" ಅಂದ.

ಸ್ವಲ್ಪ ಹೊತ್ತಿಗೆ ದೂರದಲ್ಲಿ ಒಂದು ಹಾಯಿ ಕಂಡಿತು. ಹಮ್ಮಣ್ಣ ಹಣೆಗೆ ಕೈ ಅಡ್ಡ ಇಟ್ಟು ನೋಡಿದ. ಬೈರೋಜಿಯ ಹಡಗು! ಅವನ ಎದೆ ಹಿಗ್ಗಿತು. ಬಂದೇ ಬಂದರಪ್ಪ, ಇನ್ನು ಭಯವಿಲ್ಲ ಅಂದುಕೊಂಡ. ಆದರೆ ಹಡಗು ಹತ್ತಿರ ಬರಲಿಲ್ಲ. ನೋಡನೋಡುತ್ತಾ ಅರ್ಧ ಹಾಯಿ ಇಳಿಸಿ ದೂರದಲ್ಲೇ ಹಿಂದೆ ತೆವಳತೊಡಗಿತು.

ಕೆಂಚಮೀಸೆ ಹಮ್ಮಣ್ಣನ ಮುಖ ನೋಡಿ ಗಹಗಹಿಸಿದ.

"ಅಯ್ಯೋ ಮಂಕೇ! ನಿಮ್ಮ ನಾಯಕ ಈಗ ಬರ್ತಾನೆ ಅಂದುಕೊಂಡೆಯಾ? ಮೂರನೇ ಸೂರ್ಯ ಹುಟ್ಟಲಿ, ಆಗ ಬರ್ತಾನೆ. ಆಗ ಬಂದರೆ ಹಡಗು ಅವನದು. ಈಗ ಬಂದರೆ ನಿಮ್ಮ ಶೆಟ್ಟಿತಿಯದು. ಅವ ಬರುವಷ್ಟರಲ್ಲಿ ನಾವು ಮೆಣಸು ಎತ್ತಿಕೊಂಡು ದೋಣಿಗೆ ಇಳಿದು ಹೋಗಿರ್ತೇವೆ. ಅವ ಒಂದು ಖಾಲಿ ಗುಂಡು ಹಾರಿಸ್ತಾನೆ. ನಿಮ್ಮೂರವರು ಹಾರ ಹಾಕ್ತಾರೆ."

"ನೀವೂ ಅವನೂ ಮಾತಾಡಿಕೊಂಡಿದ್ದೀರಾ?" ಹಮ್ಮಣ್ಣ ಕೇಳಿದ.

"ಮಾತು ಎಂತಕ್ಕೆ? ಮೂರು ಹಡಗಿನಿಂದ ನೋಡ್ತಾ ಇದ್ದೇವಲ್ಲ. ಹೋಗು, ಅಡುಗೆ ಮಾಡು."

ಹಮ್ಮಣ್ಣ ಒಲೆಯ ಹತ್ತಿರ ಬಂದು ಕುಸಿದು ಕೂತ. ತಾನು ಹಾಕಿದ ಮೂರು ಹಾರ ನೆನಪಾದವು. ಆ ಮೂರು ಮನೆಯವರ ಬರಿದಾದ ಅಂಗಳ ನೆನಪಾಯಿತು. ಅಕ್ಕಣಿಯಮ್ಮ ಈಗ ಎಲ್ಲಿ ನಿಂತು ಕಡಲು ನೋಡುತ್ತಿರಬಹುದು ಅಂತ ಯೋಚಿಸಿದ. 'ಯಾರೂ ಏಣಿ ಇಳಿಸದಾಗ ಆಕೆ ಇಳಿಸಿದಳು. ಈಗ ಆಕೆಗೆ ಯಾರೂ ಇಲ್ಲ. ನಾನಿದ್ದೇನೆ' ಅಂದುಕೊಂಡ. ಎದ್ದು ಅಡುಗೆ ಕೋಣೆ ಸುತ್ತ ನೋಡಿದ. ಅವನ ಹತ್ತಿರ ಏನಿತ್ತು? ಕತ್ತಿಯಿಲ್ಲ, ಕೋವಿಯಿಲ್ಲ, ಓಡುವ ಕಾಲಿಲ್ಲ. ಸೌಟು ಇತ್ತು. ಉಪ್ಪಿನ ಮೂಟೆ ಇತ್ತು.

ಅಂದು ಮಧ್ಯಾಹ್ನ ಒಣಮೀನು ಹುರಿದು ಚಟ್ನಿ ಅರೆದ. ಉಪ್ಪು ಜಾಸ್ತಿ ಹಾಕಿದ. ಅದು ನಾಲಗೆಗೆ ತಿಳಿಯಬಾರದಲ್ಲ, ಹುಳಿ ಕಿವುಚಿದ, ಖಾರ ಹಾಕಿದ, ಒಂದು ಚೂರು ಬೆಲ್ಲವನ್ನೂ ಸೇರಿಸಿದ. ಕಳ್ಳರು ಬೆರಳು ನೆಕ್ಕಿದರು. "ಎಂಥ ಕೈ ಮಾರಾಯ ನಿನ್ನದು!" ಅಂದರು. ಆಮೇಲೆ ಒಬ್ಬೊಬ್ಬರೇ ನೀರಿನ ಪೀಪಾಯಿಯ ಹತ್ತಿರ ಹೋದರು. ಕಾವಲಿನವನೂ ಚಟ್ನಿ ತಿಂದಿದ್ದ. ಬೇಡ ಅನ್ನಲು ಅವನಿಗೂ ಬಾಯಿ ಬರಲಿಲ್ಲ.

ಮೊದಲ ಸೂರ್ಯ ಹುಟ್ಟಿತು. ಅಂದು ಉಪ್ಪುನೀರಲ್ಲಿ ಹಾಕಿಟ್ಟ ಮಾವಿನಕಾಯಿ ತೆಗೆದು ಗೊಜ್ಜು ಮಾಡಿದ. ಕಳ್ಳರು ಇನ್ನೂ ಇನ್ನೂ ಅಂತ ಬಡಿಸಿಕೊಂಡರು. ಒಂದು ಪೀಪಾಯಿ ಬರಿದಾಯಿತು. ಕೆಂಚಮೀಸೆ ಬೈದ. ಬೈದು, ತಾನೇ ಎರಡು ಚೊಂಬು ಕುಡಿದ.

ಎರಡನೇ ಸೂರ್ಯ ಹುಟ್ಟಿತು. ಅಂದು ಬೆಳಗ್ಗೆ ಗಂಜಿ, ಜೊತೆಗೆ ಸುಟ್ಟ ಹಪ್ಪಳ. ಹಪ್ಪಳಕ್ಕೆ ಮೊದಲೇ ಉಪ್ಪುನೀರು ಸವರಿ ಒಣಗಿಸಿದ್ದ. ಬಿಸಿಲು ಬೇರೆ ಏರಿತು. ಹೊತ್ತು ನೆತ್ತಿಗೆ ಬರುವ ಮೊದಲೇ ಎರಡನೇ ಪೀಪಾಯಿಯ ತಳ ಕಂಡಿತು.

ಕಟ್ಟಿಹಾಕಿದ ನಮ್ಮವರಿಗೆ ಮಾತ್ರ ಹಮ್ಮಣ್ಣ ಮೂರು ದಿನವೂ ಸಪ್ಪೆ ಗಂಜಿಯನ್ನೇ ಕೊಟ್ಟ. ಮೂರನೇ ದಿನ ಖಲಾಸಿಗಳ ಗಂಜಿಯ ಪಾತ್ರೆಯ ತಳದಲ್ಲಿ ಮೀನು ಕೊಯ್ಯುವ ಚೂರಿ ಇಟ್ಟ. "ಪೂರ್ತಿ ಕುಡೀರಿ, ತಳದಲ್ಲಿ ರುಚಿ ಇದೆ" ಅಂತಷ್ಟೇ ಹೇಳಿದ. ಇಬ್ರಾಯಿಗೆ ಗಂಜಿ ಕುಡಿಸುತ್ತಾ ಕಿವಿಯಲ್ಲಿ ಪಿಸುಗುಟ್ಟಿದ, "ತಾಂಡೇಲರೇ, ನಾನು ಹಿಂದೆ ಬಿದ್ದಿದ್ದ ನಡುಗಡ್ಡೆ ಇಲ್ಲೇ ಹತ್ತಿರ ಉಂಟು, ಅದರ ಕಡೆ ಚುಕ್ಕಾಣಿ ತಿರುಗಿಸಿ. ಕಳ್ಳರು ನೀರಿಗೆ ಅಂತ ಇಳಿದು ಹೋದಾಗ ತಯಾರಿರಿ." ಇಬ್ರಾಯಿ ಕಣ್ಣು ಮಿಟುಕಿಸಿದ.

ಮಧ್ಯಾಹ್ನಕ್ಕೆ ಕಳ್ಳರ ನಾಲಗೆ ಅಂಗುಳಕ್ಕೆ ಅಂಟಿತು. ಕೆಂಚಮೀಸೆ ಹಮ್ಮಣ್ಣನ ಕುತ್ತಿಗೆಪಟ್ಟಿ ಹಿಡಿದ.

"ನೀರು ಎಲ್ಲಿ ಸಿಗ್ತದೆ? ನೀನು ಈ ಕಡಲಿನವನು, ಹೇಳು!"

"ಅಗೋ, ಆ ನಡುಗಡ್ಡೆಯಲ್ಲಿ ಉಂಟು ಒಡೆಯಾ. ಮೂರು ಬಂಡೆ ದಾಟಿದರೆ ಸಂದಿನಲ್ಲಿ ಸಿಹಿನೀರು ಇಳೀತದೆ. ನಾನೇ ಕುಡಿದಿದ್ದೇನೆ. ಸಣ್ಣಗೆ ಬರ್ತದೆ, ಕೊಡ ತುಂಬಬೇಕಾದರೆ ಹೊತ್ತಾಗ್ತದೆ. ಎಲ್ಲರೂ ಹೋದರೆ ಬೇಗ ಹೊತ್ತು ತರಬಹುದು."

"ಸುಳ್ಳಾದರೆ?"

"ಸುಳ್ಳಾದರೆ ನನ್ನನ್ನು ಕಡಲಿಗೆ ಹಾಕಿ."

"ಹಾಗಾದರೆ ನೀನೂ ಬಾ. ಅಲ್ಲೇ ಹಾಕಿ ಬರ್ತೇನೆ."

ಇದನ್ನು ಹಮ್ಮಣ್ಣ ಎಣಿಸಿರಲಿಲ್ಲ. ಆದರೆ ಈಗ ಹಿಂದೆಗೆಯುವಂತಿಲ್ಲ. ಕಳ್ಳರು ಲಂಗರು ಇಳಿಸಿದರು. ಹಡಗಿನಲ್ಲಿ ಇಬ್ಬರನ್ನು ಕಾವಲಿಗೆ ಬಿಟ್ಟರು. ಕೆಂಚಮೀಸೆಯೂ ಒಂಬತ್ತು ಜನರೂ ಕೊಡಗಳನ್ನು ತುಂಬಿಕೊಂಡು ತಮ್ಮ ದೋಣಿ ಹತ್ತಿದರು. ಜೊತೆಗೆ ಹಮ್ಮಣ್ಣ.

ನಡುಗಡ್ಡೆಯ ಮರಳಿಗೆ ದೋಣಿ ಎಳೆದರು. ಹಮ್ಮಣ್ಣ ತನ್ನ ಕಾಲು ತೋರಿಸಿದ. "ನಾನು ಬಂಡೆ ಹತ್ತಲಾರೆ ಒಡೆಯಾ. ಇಲ್ಲೇ ಕೂತಿರ್ತೇನೆ." ಕೆಂಚಮೀಸೆ ಅವನ ಮೇಲೆ ಒಬ್ಬನನ್ನು ಕಾವಲಿಟ್ಟು, ಉಳಿದವರನ್ನು ಕರೆದುಕೊಂಡು ಮೇಲೆ ಹತ್ತಿದ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೇಕೆ ಕೇಳಿಸಿತು. ನೀರು ಸಿಕ್ಕಿತ್ತು! ಹಮ್ಮಣ್ಣ ಮನಸ್ಸಿನಲ್ಲೇ ಕೈಮುಗಿದ. ಹದಿನಾಲ್ಕು ವರ್ಷವಾದರೂ ಆ ತಾಯಿ ಬತ್ತಿರಲಿಲ್ಲ. ಒಬ್ಬ ಕಳ್ಳ ಮೊದಲ ಕೊಡ ಹೊತ್ತು ತಂದು ದೋಣಿಯಲ್ಲಿಟ್ಟ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿ ಕಾವಲಿನವನಿಗೆ ತಡೆಯಲಾಗಲಿಲ್ಲ.

"ಈ ಕೊಡದ್ದು ಕುಡೀಲಾ?"

"ಮುಟ್ಟಿದರೆ ಕೆಂಚಮೀಸೆ ಕೈ ಕಡೀತಾನೆ. ಮೇಲೆ ಬಾ, ಅಲ್ಲಿ ಹೊಟ್ಟೆ ತುಂಬ ಕುಡಿ. ಈ ಕುಂಟನಿಂದ ದೋಣಿ ನೂಕೋಕೆ ಆಗ್ತದಾ?"

ಇಬ್ಬರೂ ಬಂಡೆ ಹತ್ತಿದರು.

ಹೌದು, ಕುಂಟನಿಂದ ದೋಣಿ ನೂಕಲು ಆಗುವುದಿಲ್ಲ. ಆದರೆ ಹನ್ನೊಂದು ದಿನ ಅದೇ ಮರಳಿನ ಮೇಲೆ ಮಲಗಿದ್ದವನಿಗೆ ಅಲ್ಲಿಯ ನೀರು ಯಾವಾಗ ಇಳಿಯುತ್ತದೆ, ಯಾವಾಗ ಏರುತ್ತದೆ ಅಂತ ಗೊತ್ತಿರುವುದಿಲ್ಲವೇ? ಅದು ನೀರು ಏರುವ ಹೊತ್ತು. ಹಮ್ಮಣ್ಣ ದೋಣಿಯೊಳಗೆ ಸುಮ್ಮನೆ ಕೂತ. ಒಂದು ಅಲೆ ಬಂದು ದೋಣಿಯ ಬುಡ ನೆಕ್ಕಿತು. ಇನ್ನೊಂದು ಅಲೆ ಬಂದು ಅಲ್ಲಾಡಿಸಿತು. ಮೂರನೆಯದು ದೋಣಿಯನ್ನು ಮಗುವಿನ ಹಾಗೆ ಎತ್ತಿಕೊಂಡಿತು. ಹಮ್ಮಣ್ಣ ಹುಟ್ಟು ಹಿಡಿದ. ಹದಿನಾಲ್ಕು ವರ್ಷ ರುಬ್ಬುಗುಂಡು ತಿರುಗಿಸಿದ ಕೈ ಅದು. ದೋಣಿ ಬಾಣದ ಹಾಗೆ ಹೋಯಿತು.

ಕಳ್ಳರು ಬಂಡೆಯ ಮೇಲಿನಿಂದ ಕೂಗಿದರು. ಓಡಿ ಬಂದರು. ಕುತ್ತಿಗೆ ತನಕ ನೀರಿಗಿಳಿದರು. ದೋಣಿ ಎಲ್ಲಿ ಸಿಗಬೇಕು?

ಹಡಗಿನ ಮೇಲಿದ್ದ ಇಬ್ಬರು ಕಾವಲಿನವರಿಗೆ ದೋಣಿ ಕಾಣಲಿಲ್ಲ, ಅದರಲ್ಲಿದ್ದ ಕೊಡ ಕಂಡಿತು. ಬಾಯಾರಿಕೆ ಅಂದರೆ ಹಾಗೆ. "ನೀರು! ನೀರು!" ಅಂತ ಕತ್ತಿ ಕೆಳಗಿಟ್ಟು ಹಗ್ಗ ಇಳಿಸಿದರು. ಅಷ್ಟರಲ್ಲಿ ಚೂರಿಯಿಂದ ಕಟ್ಟು ಕೊಯ್ದುಕೊಂಡ ಖಲಾಸಿಗಳು ಮೇಲೆ ಬಂದು ಇಬ್ರಾಯಿಯನ್ನೂ ಬಿಡಿಸಿದ್ದರು. ಐದು ಜನ ಹಿಂದಿನಿಂದ ಬಂದು ಇಬ್ಬರನ್ನು ಅಪ್ಪಿ ಹಿಡಿದರು. ಒಂದು ತೊಟ್ಟು ರಕ್ತ ಬೀಳಲಿಲ್ಲ. ಹಮ್ಮಣ್ಣ ಏಣಿ ಹತ್ತಿ ಬಂದವನೇ ಮೊದಲು ಆ ಇಬ್ಬರಿಗೆ ನೀರು ಕುಡಿಸಿದ. ಆಮೇಲೆ ಕಟ್ಟಿದರು.

ಇಬ್ರಾಯಿ ಹಮ್ಮಣ್ಣನನ್ನು ತಬ್ಬಿಕೊಂಡ. ಇಬ್ಬರೂ ಅತ್ತರು. ಲಂಗರು ಎತ್ತುವ ಹೊತ್ತಿಗೆ ಹಮ್ಮಣ್ಣ ಎರಡು ಮೂಟೆ ಅಕ್ಕಿ ಎಳೆದು ತಂದ.

"ಇದೆಂತಕ್ಕೆ?" ಇಬ್ರಾಯಿ ಕೇಳಿದ.

"ಅಲ್ಲಿ ಹತ್ತು ಜನ ಇದ್ದಾರಲ್ಲ. ನೀರುಂಟು, ಅನ್ನ ಇಲ್ಲ."

"ಸಾಯಲಿ ಬಿಡು! ನಮ್ಮನ್ನು ಕಟ್ಟಿಹಾಕಿದವರು!"

"ಆ ಮರಳಿನ ಮೇಲೆ ಹಸಿದು ಬಿದ್ದವನು ನಾನು, ತಾಂಡೇಲರೇ. ಅದು ಹೇಗಿರ್ತದೆ ಅಂತ ನನಗೆ ಗೊತ್ತುಂಟು. ಯಾರಿಗೂ ಬೇಡ."

ಇಬ್ರಾಯಿ ತಾನೇ ಒಂದು ಮೂಟೆಗೆ ಕೈ ಕೊಟ್ಟ. ಖಾಲಿ ಪೀಪಾಯಿಗೆ ಅಕ್ಕಿಯೂ ಒಂದು ಮಡಕೆಯೂ ಬೆಂಕಿ ಹಚ್ಚುವ ಕಲ್ಲೂ ತುಂಬಿ ಮುಚ್ಚಳ ಬಡಿದು ಏರುನೀರಿಗೆ ಬಿಟ್ಟರು. ಅಲೆ ಅದನ್ನು ಮರಳಿಗೆ ಮುಟ್ಟಿಸಿತು. ಆಮೇಲೆ 'ಸಂಪಿಗೆ' ಊರಿನ ಕಡೆ ತಿರುಗಿತು.

ದೂರದಲ್ಲಿದ್ದ ಬೈರೋಜಿ ಇದನ್ನು ಕಂಡ. ಹಡಗು ತಿರುಗಿದ್ದು ನೋಡಿ ಅವನಿಗೆ ವಿಷಯ ತಿಳಿದುಹೋಯಿತು. ಮೂರು ದಿನ ಆಮೆಯ ಹಾಗೆ ಹಿಂದೆ ತೆವಳುತ್ತಿದ್ದ ಹಡಗಿಗೆ ಈಗ ರೆಕ್ಕೆ ಬಂತು! ಸಂಜೆಯಷ್ಟರಲ್ಲಿ ಬಂದು ಅಡ್ಡ ನಿಂತಿತು. ಬೈರೋಜಿ ಐವತ್ತು ಸೈನಿಕರೊಂದಿಗೆ 'ಸಂಪಿಗೆ' ಹತ್ತಿದ. "ನಿಮ್ಮ ರಕ್ಷಣೆಗೆ ಬಂದೆ" ಅಂದ. ತನ್ನ ಬಾವುಟ ಏರಿಸಿದ. ಲಂಗರು ಹಾಕಿಸಿ, ಬೆಳಗಾಗುವ ತನಕ ಎತ್ತಗೊಡಲಿಲ್ಲ.

"ಉಳಿದ ಕಳ್ಳರೆಲ್ಲಿ?" ಅಂತ ಹಮ್ಮಣ್ಣನನ್ನು ಕೇಳಿದ.

ಹಮ್ಮಣ್ಣ ಅವನ ಮುಖ ನೋಡಿದ. "ಹಡಗಿನಿಂದ ಇಳಿದು ಹೋದರು ಒಡೆಯಾ. ಮತ್ತೆ ಹತ್ತಲಿಲ್ಲ" ಅಂದ.

ಮುಳುಗಿ ಸತ್ತರು ಅಂತ ಬೈರೋಜಿ ತಿಳಿದುಕೊಂಡ. ಕಟ್ಟಿಹಾಕಿದ್ದ ಇಬ್ಬರು ಕಳ್ಳರೂ ತಮ್ಮವರ ಸುಳಿವು ಬಿಟ್ಟುಕೊಡದೆ ಸುಮ್ಮನಿದ್ದರು. ಬೈರೋಜಿ ಅವರಿಗೆ, "ನಾನು ಹೇಳಿದ ಹಾಗೆ ಹೇಳಿದರೆ ಬಿಟ್ಟುಬಿಡ್ತೇನೆ" ಅಂತ ಆಸೆ ಹಚ್ಚಿದ. ಮೂರನೆಯ ಸೂರ್ಯ ಹುಟ್ಟಿತು. ಆಗ ಲಂಗರು ಎತ್ತಿಸಿದ.

ಕೆಲವು ದಿನದ ಮೇಲೆ ಹಡಗು ಊರು ಮುಟ್ಟಿದಾಗ ಬಂದರಿನಲ್ಲಿ ಊರೇ ನೆರೆದಿತ್ತು. ದೋಣಿಯಲ್ಲಿ ಮೊದಲೇ ಬಂದ ಹನ್ನೊಂದು ಖಲಾಸಿಗಳು ಸುದ್ದಿ ಮುಟ್ಟಿಸಿದ್ದರು. ಅಕ್ಕಣಿ ಶೆಟ್ಟಿತಿ ಹಡಗನ್ನು ನೋಡಲಿಲ್ಲ. ಏಣಿಯಿಂದ ಇಳಿಯುವವರನ್ನು ಎಣಿಸಿದಳು. ಆರೂ ಜನ ಇಳಿದ ಮೇಲೆ, "ಎಲ್ಲರೂ ಬಂದಿರಲ್ಲ, ಸಾಕು" ಅಂದಳು.

ಆಗ ಬೆಳ್ಳಕೋಡಿಯನ್ನು ಆಳುತ್ತಿದ್ದ ರಾಣಿಯ ಸಭೆ ಕೂಡಿತು. ಬೈರೋಜಿ ಎದೆಯುಬ್ಬಿಸಿ ಹೇಳಿದ, "ಮೂರನೇ ಸೂರ್ಯ ಹುಟ್ಟಿದ ಮೇಲೆ ಹೋರಾಡಿ ಈ ಹಡಗು ಬಿಡಿಸಿದೆ. ಕಟ್ಟಳೆಯ ಪ್ರಕಾರ ನನ್ನದು." ಹಿಡಿದು ತಂದ ಇಬ್ಬರು ಕಳ್ಳರು ಹೌದು ಅಂದರು. ಅವನ ಸೈನಿಕರು ನೆಲ ನೋಡುತ್ತಾ ಹೌದು ಅಂದರು. ಇಬ್ರಾಯಿ ಎದ್ದು ಸುಳ್ಳು ಅಂದ. "ಶೆಟ್ಟಿತಿಯ ಆಳು, ಶೆಟ್ಟಿತಿಯ ಪರ ಹೇಳದೆ ಇನ್ನಾರ ಪರ ಹೇಳ್ತಾನೆ?" ಅಂದ ಬೈರೋಜಿ. ಯಾರ ಮಾತು ನಂಬುವುದು ಅಂತ ರಾಣಿ ಸಭೆಯನ್ನೇ ಕೇಳಿದಳು.

ಆಗ ಹಮ್ಮಣ್ಣ ಕುಂಟುತ್ತಾ ಮುಂದೆ ಬಂದ. "ತಾಯೀ, ನಾಯಕರನ್ನು ಮೂರು ಮಾತು ಕೇಳಬಹುದಾ?"

"ಕೇಳು."

"ಒಡೆಯಾ, ನೀವು ಹಡಗು ಹತ್ತಿದಾಗ ಕಳ್ಳರು ಎಷ್ಟು ಜನ ಇದ್ದರು?"

"ಹನ್ನೆರಡು."

"ಇಲ್ಲಿ ಇಬ್ಬರೇ ಇದ್ದಾರಲ್ಲ, ಉಳಿದ ಹತ್ತು ಜನ?"

"ನನ್ನ ಕತ್ತಿಗೆ ಬಲಿಯಾದರು. ಹೆಣ ಕಡಲಿಗೆ ಹಾಕಿದೆ."

"ಅವರ ಯಜಮಾನ ಕೆಂಚಮೀಸೆ?"

"ಅವನ ತಲೆ ನಾನೇ ಹಾರಿಸಿದೆ!"

ಹಮ್ಮಣ್ಣ ರಾಣಿಗೆ ಕೈಮುಗಿದ. "ತಾಯೀ, ನಡುಗಡ್ಡೆಗೆ ಒಂದು ಹಡಗು ಕಳಿಸಿ. ತಲೆ ಹಾರಿದ ಮೇಲೂ ಗಂಜಿ ಕುಡಿಯುವ ಒಬ್ಬ ಮನುಷ್ಯ ಅಲ್ಲಿದ್ದಾನೆ. ಅವನನ್ನು ಕೇಳಿ."

ಬೈರೋಜಿಯ ಮುಖ ಬೂದಿಯಾಯಿತು.

ರಾಣಿ ತನ್ನದೇ ಹಡಗು ಕಳಿಸಿದಳು. ಅದು ಹೋಗಿ ಬರುವ ತನಕ ಬೈರೋಜಿಯನ್ನು ಅರಮನೆಯಿಂದ ಆಚೆ ಬಿಡಲಿಲ್ಲ. ಹತ್ತೂ ಜನ ಸಿಕ್ಕರು. ಕೆಂಚಮೀಸೆ ಸಭೆಯಲ್ಲಿ ನಿಂತ. ರಾಣಿ ಕೇಳಿದಳು, "ನಿಮ್ಮನ್ನು ಸೋಲಿಸಿದವರು ಯಾರು?"

ಕೆಂಚಮೀಸೆ ಬೈರೋಜಿಯನ್ನು ನೋಡಿದ, ಹಮ್ಮಣ್ಣನನ್ನು ನೋಡಿದ.

"ನಾನು ಕಳ್ಳ. ನನಗೆ ಶಿಕ್ಷೆ ಏನೇ ಇರಲಿ. ಆದರೆ ಹೇಳ್ತೇನೆ ಕೇಳಿ. ಈ ನಾಯಕನ ಕತ್ತಿ ಹೇಗಿದೆ ಅಂತಲೇ ನಮಗೆ ಗೊತ್ತಿಲ್ಲ. ಮೂರು ದಿನ ದೂರ ನಿಂತು ಸೂರ್ಯ ಎಣಿಸ್ತಾ ಇದ್ದ. ನಮ್ಮನ್ನು ಸೋಲಿಸಿದ್ದು ಈ ಕುಂಟ. ಅದೂ ಎರಡನೇ ಸೂರ್ಯ ಹುಟ್ಟಿದ ದಿನ, ಹಾಡುಹಗಲು. ಸೋಲಿಸಿ ಹೋಗುವಾಗ ನಮಗೆ ಅಕ್ಕಿ ಬಿಟ್ಟು ಹೋದ. ನನ್ನ ಅಪ್ಪನೂ ನನಗೆ ಹಾಗೆ ಮಾಡಿರಲಿಲ್ಲ." ಅಷ್ಟು ಹೇಳಿ ಆ ಒರಟ ಹಮ್ಮಣ್ಣನ ಎದುರು ತಲೆ ತಗ್ಗಿಸಿದ.

ಯಜಮಾನನೇ ಬಾಯಿಬಿಟ್ಟ ಮೇಲೆ ಇಬ್ಬರು ಕಳ್ಳರೂ 'ಹೌದು, ನಾವು ಹೇಳಿದ್ದು ಸುಳ್ಳು' ಅಂದರು. ಸೈನಿಕರೂ ಮೊಣಕಾಲೂರಿ ನಿಜ ಹೇಳಿದರು.

ರಾಣಿ ಎದ್ದು ನಿಂತಳು. 'ಸಂಪಿಗೆ' ಅಕ್ಕಣಿ ಶೆಟ್ಟಿತಿಗೆ ಸೇರಿತು. ಬೈರೋಜಿ ಗಳಿಸಿದ್ದ ಮೂರು ಹಡಗುಗಳೂ ಅವುಗಳ ಒಡೆಯರ ಮನೆ ಸೇರಿದವು. ಬೈರೋಜಿಯ ಕತ್ತಿ ಕಿತ್ತುಕೊಂಡು ಹೆಗಲಿಗೆ ಕೊಡ ಕೊಟ್ಟರು. ಬಂದರು ಬಿಡುವ ಪ್ರತಿ ಹಡಗಿಗೂ ಸಿಹಿನೀರು ಹೊರುವ ಕೆಲಸ. ಒಂದು ಗಳಿಗೆಯೂ ತಡವಾಗುವಂತಿಲ್ಲ! ಕಳ್ಳರಿಗೆ ಜೀವದಾನ ಸಿಕ್ಕಿತು, ಬಂದರಿನ ಕಲ್ಲುಕಟ್ಟೆ ಕಟ್ಟುವ ಶಿಕ್ಷೆಯಾಯಿತು. ಹಳೆಯ ಕಟ್ಟಳೆಯನ್ನು ರಾಣಿ ಅಳಿಸಿಹಾಕಿದಳು. "ಎಷ್ಟು ಸೂರ್ಯ ಹುಟ್ಟಿದರೂ ಮುಳುಗಿದರೂ ಕಷ್ಟಪಟ್ಟವನ ಸೊತ್ತು ಕಷ್ಟಪಟ್ಟವನದೇ" ಅಂತ ಹೊಸದು ಬರೆಸಿದಳು.

ಮರುದಿನ ಅಕ್ಕಣಿ ಶೆಟ್ಟಿತಿಯ ಮನೆಯ ಚಾವಡಿಯಲ್ಲಿ ಎಲೆ ಹಾಕಿದರು. ಕೇರಿಯವರೆಲ್ಲ ಬಂದರು. ಮದುವೆಯ ಹುಡುಗಿ ಬಂದಳು, ಮನೆಗೆ ಮಾಡು ಇಲ್ಲದವರು ಬಂದರು, ಹಡಗು ಮರಳಿ ಪಡೆದ ಮೂರು ಒಡೆಯರೂ ಬಂದರು. ಹಮ್ಮಣ್ಣ ಅಭ್ಯಾಸದಂತೆ ಸೌಟು ಹುಡುಕುತ್ತಾ ಅಡುಗೆಮನೆಗೆ ಹೊರಟ. ಅಕ್ಕಣಿ ಅವನ ಕೈ ಹಿಡಿದು ಮೊದಲನೇ ಎಲೆಗೆ ಕೂರಿಸಿದಳು.

"ಇವತ್ತು ನೀನು ಕೂತು ಉಣ್ಣು, ಹಮ್ಮಣ್ಣ."

"ಅಮ್ಮಾ, ನನಗೆ ಬಡಿಸಬೇಡಿ. ನಿಮ್ಮ ಋಣ ನನ್ನ ಮೇಲಿದೆ."

"ಯಾರ ಋಣ ಯಾರ ಮೇಲೋ ನನಗೆ ಲೆಕ್ಕ ಬರೋದಿಲ್ಲಪ್ಪ" ಅಂದಳು ಅಕ್ಕಣಿ, ಅನ್ನ ಬಡಿಸುತ್ತಾ. "ಗಂಡ ಹೋದ ಮೇಲೆ ನನಗಾಗಿ ಜೀವ ಕೊಡೋರು ಯಾರೂ ಇಲ್ಲ ಅಂದುಕೊಂಡಿದ್ದೆ. ಇದ್ದೀಯಲ್ಲ. ಅದು ಗೊತ್ತಾಯಿತು. ಉಣ್ಣು."

ಹಮ್ಮಣ್ಣನಿಗೆ ಎಲೆ ಮಂಜಾಗಿ ಕಂಡಿತು. ಉಂಡ. ಹೊಟ್ಟೆ ತುಂಬ ಉಂಡ.

ಈಗ ನೀತಿ ಕೇಳಿ, ಮಕ್ಕಳೇ. ಕೈ ಹಿಡಿಯಬೇಕಾದವನು ತನ್ನ ಲಾಭಕ್ಕಾಗಿ ಬೇಕೆಂದೇ ತಡ ಮಾಡಿದರೆ ಅವನೂ ಕಳ್ಳನೇ, ಹಾರ ಹಾಕುವ ಮೊದಲು ನೋಡಿಕೊಳ್ಳಿ. ಉಪಕಾರ ಮಾಡಿದವರನ್ನು ಮರೆಯಬೇಡಿ. ಹಗೆಯವನೇ ಆದರೂ ಹಸಿದವನಿಗೆ ಅನ್ನ ತಪ್ಪಿಸಬೇಡಿ. ಹಾಗೆ ಬಾಳಿದವನಿಗೆ ಕಷ್ಟ ಬಂದಾಗ ನಿಜ ಹೇಳಲು ಹಗೆಯವನೂ ಎದ್ದು ನಿಲ್ಲುತ್ತಾನೆ.

ಹೊರಟ ಹಡಗುಗಳೆಲ್ಲ ಕ್ಷೇಮವಾಗಿ ಬಂದರು ಸೇರಲಿ, ಕಾಯುವವರ ಕಣ್ಣು ತಂಪಾಗಲಿ.